ಸಂತೆ ದಿನದ ಪುಡಿ

ಯರಗಟ್ಟಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಡಾಕ್ಟರ್ ಶೀತಲ ದವಾಖಾನೆ ತೆರೆದು ಹನ್ನೊಂದು ವರ್ಷವಾಗಿತ್ತು. ಈ ಹನ್ನೊಂದು ವರ್ಷದಲ್ಲಿ ಅವಳಿಗೆ ಹೆಸರು ತಂದುಕೊಟ್ಟದ್ದು ಗೋಡೆಗೆ ತೂಗುಹಾಕಿದ ಪದವಿಪತ್ರವಲ್ಲ, ಒಂದು ರಬ್ಬರ್ ಶಿಕ್ಕಾ. ಸವದತ್ತಿಯಲ್ಲಿ ಹೇಳಿ ಮಾಡಿಸಿದ ಆ ಶಿಕ್ಕಾದಲ್ಲಿ ಒಂದು ಬುಟ್ಟಿಯ ಚಿತ್ರವಿತ್ತು. ಬುಟ್ಟಿ ಎಂದರೆ ಸಂತೆ.

ಬುಟ್ಟಿ ಯಾಕೆ ಬೇಕಾಯಿತು ಎಂದರೆ, ಡಿ ವಿಟಮಿನ್ನಿನ ಪುಡಿ ವಾರಕ್ಕೆ ಒಂದೇ ಸಲ ತೆಗೆದುಕೊಳ್ಳುವಂಥದ್ದು. ಒಂದು ಪಾಕೀಟಿನಲ್ಲಿ ಅರವತ್ತು ಸಾವಿರ ಯೂನಿಟ್ ಇರುತ್ತದೆ. ದಿನಾ ನುಂಗುವ ಗುಳಿಗೆ ಜನಕ್ಕೆ ನೆನಪಿರುತ್ತದೆ, ವಾರದ್ದು ನೆನಪಿರುವುದಿಲ್ಲ. ಕೆಲವರು ಎರಡು ತಿಂದು ಬಿಟ್ಟುಬಿಡುತ್ತಿದ್ದರು, ಕೆಲವರು ದೇವರ ಮಾಡದಲ್ಲಿಟ್ಟು ಮರೆಯುತ್ತಿದ್ದರು. ಆಗ ಶೀತಲಳಿಗೆ ಸಂತೆ ಹೊಳೆಯಿತು. ಈ ಕಡೆಯ ಹಳ್ಳಿಯವರು ಕ್ಯಾಲೆಂಡರಿನ ಹಾಳೆ ತಿರುವುವುದನ್ನು ಮರೆತಾರು, ತಮ್ಮ ಸಂತೆಯನ್ನು ಮರೆಯುವವರಲ್ಲ. ಚೀಟಿಯ ಮೇಲೆ ಒಂದು ಬುಟ್ಟಿ ಒತ್ತಿ, ಅದರ ಪಕ್ಕದಲ್ಲಿ ‘ಸಂತಿ ದಿನ ಒಂದು ಪುಡಿ, ಹಾಲಾಗ’ ಎಂದು ಬರೆದುಕೊಟ್ಟರೆ ಓದಲು ಬಾರದ ಮುದುಕಿಯೂ ತಪ್ಪದೆ ತೆಗೆದುಕೊಳ್ಳುತ್ತಿದ್ದಳು.

ಬೈಲಹೊಂಗಲದಲ್ಲಿ ಡಾಕ್ಟರುಗಳ ಸಭೆ ನಡೆದಾಗ ಅವಳು ಈ ಬುಟ್ಟಿಯ ವಿಷಯ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು. ಅದು ಅವಳ ತವರೂರು. ಅವಳ ತಂದೆ ಅಲ್ಲಿಯೇ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿ ನಡೆಸಿದವರು, ಅವಳು ಸಂತೆಯ ಗದ್ದಲದಲ್ಲೇ ಬೆಳೆದವಳು. “ನಾವು ಜನರ ಬದುಕಿನೊಳಗ ಹೊಕ್ಕು ಔಷಧ ಕೊಡಬೇಕು” ಎಂದು ಮಾತು ಮುಗಿಸಿದಳು. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮುಂದೆ ಇದನ್ನು ನೆನೆದು ಅವಳೇ ಹಲ್ಲು ಕಚ್ಚಿಕೊಳ್ಳುವವಳಿದ್ದಾಳೆ.

ಸಭೆಯಲ್ಲಿ ಹೇಳದ ಮಾತುಗಳೂ ಇದ್ದವು. ಆ ಪುಡಿಯನ್ನು ಅವಳು ಯಾರ ರಕ್ತವನ್ನೂ ಪರೀಕ್ಷೆ ಮಾಡಿಸದೆ ಕೊಡುತ್ತಿದ್ದಳು. ಮೊಣಕಾಲು ನೋವೆಂದರೆ ಪುಡಿ, ಸೊಂಟ ನೋವೆಂದರೆ ಪುಡಿ, ಸುಸ್ತೆಂದರೂ ಪುಡಿ. ಬಿಸಿಲಲ್ಲಿ ದುಡಿಯುವವರಿಗೂ ಈಗ ಡಿ ವಿಟಮಿನ್ ಕಡಿಮೆ ಇರುತ್ತದಂತೆ, ಕೊಟ್ಟರೆ ನಷ್ಟವೇನು ಎಂಬುದು ಅವಳ ಲೆಕ್ಕ. ಶಕ್ತಿಯ ಪುಡಿ ತಿಂದು ಯಾರಾದರೂ ಕೆಟ್ಟಾರೇ? ಎಷ್ಟು ವಾರ ತಿಂದು ನಿಲ್ಲಿಸಬೇಕು ಎಂಬುದನ್ನೂ ಚೀಟಿಯಲ್ಲಿ ಬರೆಯುತ್ತಿರಲಿಲ್ಲ. ಎಂಟು ಪಾಕೀಟು ಕೊಡುತ್ತಿದ್ದಳು, ಅವು ಮುಗಿದರೆ ಮುಗಿಯಿತು ಅಂದುಕೊಂಡಿದ್ದಳು.

ಸಾಲಹಳ್ಳಿಯ ಲಗಮಪ್ಪ ಅವಳ ಹತ್ತಿರ ಬಂದದ್ದು ದೀಪಾವಳಿ ಮುಗಿದ ವಾರ. ಅರವತ್ತು ದಾಟಿದ ಸಣಕಲು ಮೈಯ ಮನುಷ್ಯ. ಅಂದು ಯರಗಟ್ಟಿಯಲ್ಲಿ ಸಂತೆ, ದವಾಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನ ಬಗಲಲ್ಲಿ ಒಂದು ದೊಡ್ಡ ಗಂಟಿತ್ತು. ಅದರಿಂದ ಪುಂಡಿ ನಾರಿನ ಧೂಳು ಉದುರುತ್ತಿತ್ತು.

“ಆ ಗಂಟು ಹೊರಗಿಟ್ಟು ಬರ್ರಿ” ಎಂದಳು ಶೀತಲ.

ಅವನು ಗಂಟನ್ನು ಹೊರಗೆ ಹೆಂಡತಿ ಇಂದ್ರವ್ವನ ಕೈಗೆ ಕೊಟ್ಟು ಬಂದು ಸ್ಟೂಲಿನ ಮೇಲೆ ಕುಳಿತ. “ಮೊಣಕಾಲು ಹಿಡದಾವ್ರಿ ಬಾಯಾರ. ಕುಂತ್ರ ಏಳಾಕ ಬರಂಗಿಲ್ಲ.”

ಅವಳು ಮೊಣಕಾಲು ಮುಟ್ಟಿ, ಮಡಚಿ, ಬಿಡಿಸಿ ನೋಡಿದಳು. ಪುಡಿ ಬರೆದಳು, ಅದರ ಜೊತೆಗೆ ದಿನಕ್ಕೊಂದು ಕ್ಯಾಲ್ಸಿಯಂ ಗುಳಿಗೆ ಬರೆದಳು. “ಪರಪ್ಪಣ್ಣ, ಬುಟ್ಟಿ ಹಾಕ್ರಿ” ಎಂದಳು. ಮೊದಲಿನಿಂದ ಅವಳ ಜೊತೆಗಿದ್ದ ಕಂಪೌಂಡರ್ ಪರಪ್ಪ ಚೀಟಿಯ ಮೇಲೆ ಬುಟ್ಟಿ ಒತ್ತಿದ. ಎಲ್ಲ ಸೇರಿ ಎರಡು ನಿಮಿಷ ಹಿಡಿದಿರಬಹುದು. ಆ ಗಂಟಿನಲ್ಲಿ ಏನಿದೆ ಎಂದು ಅವಳು ಕೇಳಲಿಲ್ಲ, ನೀವು ಏನು ಕೆಲಸ ಮಾಡುತ್ತೀರಿ ಎಂದೂ ಕೇಳಲಿಲ್ಲ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು.

ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಇಂದ್ರವ್ವ ಗಂಡನನ್ನು ಮತ್ತೆ ಕರೆದುಕೊಂಡು ಬಂದಳು. ಈ ಸಲ ಅವನು ನಡೆದು ಬರಲಿಲ್ಲ. ಅವನ ತಮ್ಮ ಭೀಮಶಿ ಅವನನ್ನು ಗಾಡಿಯಿಂದ ತೋಳು ಹಿಡಿದು ಇಳಿಸಿ ಬೆಂಚಿನ ಮೇಲೆ ಮಲಗಿಸಿ, ಗಾಡಿ ಪಕ್ಕಕ್ಕೆ ನಿಲ್ಲಿಸಿ ಬರಲು ಹೋದ. ಹದಿನೈದು ದಿನದಿಂದ ಲಗಮಪ್ಪನಿಗೆ ಅನ್ನ ಸೇರುತ್ತಿರಲಿಲ್ಲ. ತಿಂದದ್ದೆಲ್ಲ ವಾಂತಿ. ಕೊಡಗಟ್ಟಲೆ ನೀರು ಕುಡಿದರೂ ನಾಲಿಗೆ ಒಣಗಿತ್ತು. ಎರಡು ದಿನದಿಂದ ಮಾತೂ ತಪ್ಪಿ, ಹೆಂಡತಿಯನ್ನೇ ಗಿರಾಕಿ ಎಂದುಕೊಂಡು ಎಷ್ಟು ಮಾರು ಬೇಕು ಎಂದು ಕೇಳುತ್ತಿದ್ದ.

ಪರಪ್ಪ ಬೆರಳು ಚುಚ್ಚಿ ಸಕ್ಕರೆ ನೋಡಿದ, ಸರಿಯಾಗಿಯೇ ಇತ್ತು. ಬಿಪಿ ಹೆಚ್ಚಿತ್ತು. ಶೀತಲಳಿಗೆ ಏನೆಂದು ತಿಳಿಯಲಿಲ್ಲ. ತಿಳಿಯದಿದ್ದಾಗ ಸಿಟ್ಟು ಮಾಡುವುದು ಅವಳ ಹಳೆಯ ಚಾಳಿ. ಈ ಚಾಳಿ ಬಹಳ ಡಾಕ್ಟರುಗಳಿಗೆ ಇರುತ್ತದೆ, ಅದನ್ನು ಜನ ಕಾಳಜಿ ಅಂದುಕೊಳ್ಳುತ್ತಾರೆ.

“ಯಾರ ಕಡೆ ತೋರ್ಸಿದ್ರಿ? ಯಾವ ಪುಡಿ ತಿನ್ಸಿದ್ರಿ ಇವ್ರಿಗೆ?”

“ಯಾರ ಕಡೀನೂ ತೋರ್ಸಿಲ್ರಿ ಬಾಯಾರ” ಎಂದಳು ಇಂದ್ರವ್ವ. “ನಿಮ್ಮ ಪುಡಿ ಒಂದ ಕೊಟ್ಟೇನ್ರಿ. ಸಂತಿ ದಿನ ತಪ್ಪಿಸಿಲ್ರಿ.”

“ನನ್ನ ಪುಡಿ ತಿಂದು ಅರ್ಧ ಯರಗಟ್ಟಿ ಓಡ್ಯಾಡಾಕತ್ತೈತಿ. ಅವರಿಗೆ ಯಾರಿಗೂ ಆಗದ್ದು ನಿಮಗಷ್ಟ ಹೆಂಗ ಆತು? ಸುಳ್ಳು ಹೇಳಬ್ಯಾಡ್ರಿ. ಗಾಂವಟಿ ಔಷಧ ತಿನ್ಸೂದು, ಕೈ ಮೀರಿದ ಮ್ಯಾಲ ಇಲ್ಲಿ ತಂದು ಒಗ್ಯೂದು. ಇದ ಆತು ನಿಮ್ದು.”

ಬೆಂಚಿನ ಮೇಲಿದ್ದ ಹತ್ತು ಹನ್ನೆರಡು ಜನರೂ ತಿರುಗಿ ನೋಡಿದರು. ಒಬ್ಬ ಹೆಂಗಸು ಲೊಚಗುಟ್ಟಿ, ಹೆಂತಾ ಹೆಂಡ್ತೀನೋ ಏನೋ ಅಂದದ್ದು ಎಲ್ಲರಿಗೂ ಕೇಳಿಸಿತು. ಇಂದ್ರವ್ವ ಸೆರಗು ಎಳೆದುಕೊಂಡು ಗಂಡನ ಪಕ್ಕಕ್ಕೆ ಸರಿದಳು. ಶೀತಲ ಒಂದು ಸಲೈನ್ ಹಚ್ಚಿಸಿ, ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕಳಿಸಿಬಿಟ್ಟಳು.

ಮೂರನೆಯ ದಿನ ಅಲ್ಲಿಂದ ಫೋನು ಬಂತು. ಮಾಡಿದವಳು ಡಾಕ್ಟರ್ ಸಪ್ನಾ, ಕಾಲೇಜಿನಲ್ಲಿ ಶೀತಲಳಿಗಿಂತ ಎರಡು ವರ್ಷ ಚಿಕ್ಕವಳು. ಈಗ ಕಿಡ್ನಿಯ ವಿಭಾಗದಲ್ಲಿದ್ದಳು.

“ಶೀತಲಕ್ಕಾ, ನೀವು ಕಳಿಸಿದ್ರೆಲ್ಲಾ, ಲಗಮಪ್ಪ ಅಂತ. ಕ್ಯಾಲ್ಸಿಯಂ ಏರಿ ಹದಿನಾಲ್ಕೂವರಿಗೆ ಹೋಗೇತಿ. ಕಿಡ್ನಿ ಭಾಳ ಪೆಟ್ಟು ತಿಂದಾವು. ಡಿ ವಿಟಮಿನ್ ಅಂತೂ ನಮ್ಮ ಮಷಿನ್ ಅಳೆಯೂದಕ್ಕಿಂತ ಮ್ಯಾಲ ಹೋಗೇತಿ. ನೀವು ಹೆಂಗ ಕೊಟ್ಟಿದ್ರಿ?”

ಶೀತಲಳಿಗೆ ರೋಗವೇನೆಂದು ಒಮ್ಮೆಲೇ ತಿಳಿಯಿತು. ಕೆಲವು ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುತ್ತವೆ. ಡಿ ಹಾಗೆ ಹೋಗುವುದಿಲ್ಲ. ಅದು ಮೈಯ ಕೊಬ್ಬಿನಲ್ಲಿ ಕೂಡಿಬಿದ್ದು, ರಕ್ತಕ್ಕೆ ಸುಣ್ಣ ತುಂಬುತ್ತ ಹೋಗುತ್ತದೆ. ವಾಂತಿ, ನೀರಡಿಕೆ, ತಪ್ಪಿದ ಮಾತು, ಬತ್ತಿದ ಕಿಡ್ನಿ, ಎಲ್ಲ ಪಾಠದ ಪುಸ್ತಕದಲ್ಲಿದ್ದ ಹಾಗೆಯೇ ಅವಳ ಬೆಂಚಿನ ಮೇಲೆ ಬಂದು ಮಲಗಿತ್ತು. ಅವಳು ಮಾತ್ರ ನೋಡಿರಲಿಲ್ಲ.

ಒಂದು ಕ್ಷಣ ಅವಳಿಗೆ ನಿಜ ಹೇಳುವ ಅವಕಾಶವಿತ್ತು. ಪರೀಕ್ಷೆ ಮಾಡಿಸಿರಲಿಲ್ಲ, ಎಷ್ಟು ವಾರ ಎಂದು ಬರೆದಿರಲಿಲ್ಲ ಎಂದು ಹೇಳಬಹುದಿತ್ತು. ಆದರೆ ಫೋನಿನ ಆ ಕಡೆ ಇದ್ದವಳು ತನಗಿಂತ ಚಿಕ್ಕವಳು. ಬೈಲಹೊಂಗಲದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವಳು.

“ವಾರಕ್ಕ ಒಂದು, ಎಂಟು ವಾರ. ಚೀಟಿಯಾಗ ಸಾಫ್ ಬರದು ಕೊಟ್ಟೇನಿ” ಎಂದಳು. “ಹೆಂಡ್ತಿ ದಿನಾ ತಿನ್ಸಿರಬೇಕು. ಇವರಿಗೆ ಎಷ್ಟು ಹೇಳಿದ್ರೂ ಅಷ್ಟ.”

ಸಪ್ನಾ ಅದನ್ನು ಫೈಲಿನಲ್ಲಿ ಹಾಗೆಯೇ ಬರೆದುಕೊಂಡಳು, ಭೀಮಶಿಗೂ ಹಾಗೆಯೇ ತಿಳಿಸಿ ಹೇಳಿದಳು. ಸುಳ್ಳು ಅಷ್ಟು ಸಣ್ಣದಿತ್ತು, ನಾಲಿಗೆಗೆ ಭಾರವೇ ಆಗಲಿಲ್ಲ.

ಎಂಟು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ದವಾಖಾನೆ ಖಾಲಿಯಾಗುವವರೆಗೆ ಕಾದು ಇಂದ್ರವ್ವ ಒಳಗೆ ಬಂದಳು. ಮುಖ ಬಾಡಿ ಕಪ್ಪಗಾಗಿತ್ತು. ಕುಂಡರ್ರಿ ಎಂದರೂ ಕೂರಲಿಲ್ಲ.

“ಹೆಂಗದಾರ ನಿಮ್ಮ ಮನಿಯವರು?” ಎಂದಳು ಶೀತಲ.

“ಮಾತು ಬಂದಾವ್ರಿ. ನನ್ನ ಗುರ್ತು ಹಿಡಿತಾರ. ಕಿಡ್ನಿ ಅರ್ಧ ಬಂದಾವು, ಪೂರಾ ಬರತಾವೋ ಇಲ್ಲೋ ಹೇಳಾಕ ಆಗಂಗಿಲ್ಲ ಅಂದಾರ್ರಿ.” ಆಮೇಲೆ ಅವಳು ಸೊಂಟದ ಚೀಲದಿಂದ ಒಂದು ಸುರುಳಿ ತೆಗೆದು ಮೇಜಿನ ಮೇಲೆ ಇಟ್ಟಳು. ಪುಂಡಿ ದಾರದಲ್ಲಿ ಪೋಣಿಸಿದ ಖಾಲಿ ಪಾಕೀಟುಗಳು. ಒಂದೊಂದನ್ನೂ ತೊಳೆದು, ಒರೆಸಿ, ಮಡಚಿ ಪೋಣಿಸಿದ್ದಳು. “ಇವು ಎಪ್ಪತ್ತೊಂದು ಅದಾವ್ರಿ. ನನಗ ಒಂದ ಹೇಳ್ರಿ ಬಾಯಾರ. ಇದರಾಗ ಯಾವುದು ನಾ ತಪ್ಪಿ ಕೊಟ್ಟೇನಿ?”

ಶೀತಲ ಆ ಸುರುಳಿಯನ್ನು ಬಿಡಿಸಿ ನೋಡಿದಳು.

“ದಿನಾ ತಿನ್ಸಿ ಅಣ್ಣನ್ನ ಕೊಲ್ಲಾಕ ಹತ್ತಿದ್ದಿ ಅಂತ ಭೀಮಶಿ ಅಂತಾನ್ರಿ. ಡಾಕ್ಟರೇ ಹೇಳ್ಯಾರ ಅಂತಾನ. ನಾ ದಿನಾ ಕೊಟ್ಟಿಲ್ರಿ. ಸಂತಿ ದಿನ ಅಷ್ಟ ಕೊಟ್ಟೇನಿ. ಮನ್ಯಾಗ ಇದ್ದ ದಿನ ಒಂದೂ ಕೊಟ್ಟಿಲ್ಲ. ಅಮಾಸಿಗೆ ಸಂತಿ ಬಿಟ್ವಿ, ಅವತ್ತು ಕೊಟ್ಟಿಲ್ಲ. ನಮ್ಮ ಅಕ್ಕನ ಮಗಳ ಮದುವ್ಯಾಗ ನಾಕು ದಿನ ಸಂತಿ ಇಲ್ಲ, ಆಗೂ ಕೊಟ್ಟಿಲ್ಲ.”

“ನೀವು… ವಾರಕ್ಕ ಎಷ್ಟು ಸಂತಿ ಮಾಡ್ತೀರಿ?”

“ಐದ್ರಿ” ಎಂದಳು ಇಂದ್ರವ್ವ. ಇದನ್ನು ಕೇಳುತ್ತಾರಲ್ಲ ಎಂಬ ಆಶ್ಚರ್ಯ ಅವಳ ದನಿಯಲ್ಲಿತ್ತು. “ನಾವು ಹಗ್ಗದವರಲ್ರಿ? ಹಗ್ಗ, ಕಣ್ಣಿ, ಮೂಗುದಾಣ, ಎತ್ತಿನ ಗೊಂಡೆ. ದಿನಾ ಒಂದೂರು. ಎರಡು ದಿನ ಮನ್ಯಾಗ ಕುಂತು ಹೊಸೀತೇವಿ. ಅವತ್ತ ಇವರ ಗಂಟು ನೀವ ನೋಡಿದ್ರೆಲ್ಲಾ, ಹೊರಗಿಡ್ರಿ ಅಂದ್ರಿ.”

ಶೀತಲ ಕುರ್ಚಿಯಲ್ಲಿ ಕೂತಲ್ಲೇ ಕುಗ್ಗಿದಳು. ಮುಖ, ಕಿವಿ, ಕುತ್ತಿಗೆ ಎಲ್ಲ ಬಿಸಿಯಾದವು. ರೈತನಿಗೆ ಸಂತೆ ವಾರಕ್ಕೊಂದು, ಸಂತೆಯಲ್ಲೇ ಬದುಕುವವನಿಗೆ ಐದು. ಅವಳು ಹುಟ್ಟಿದ್ದು ಅಡತಿ ಮನೆಯಲ್ಲಿ. ಊರಿಂದೂರಿಗೆ ಸಂತೆ ಮಾಡುವವರು ಅವಳ ತಂದೆಯ ಅಂಗಡಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು, ಅವರಿಗೆ ನೀರಿನ ತಂಬಿಗೆ ಕೊಟ್ಟು ಬರುತ್ತಿದ್ದವಳು ಅವಳೇ. ಅಂಥವಳಿಗೆ ಇದು ಹೊಳೆಯಲಿಲ್ಲವೆಂದರೆ ಯಾರ ಮೇಲೆ ಹಾಕುವುದು? ಜನರ ಬದುಕಿನೊಳಗೆ ಹೊಕ್ಕು ಔಷಧ ಕೊಡಬೇಕು ಎಂದು ಸಭೆಯಲ್ಲಿ ಆಡಿದ ಮಾತು ನೆನಪಾಗಿ ಹಲ್ಲು ಕಚ್ಚಿಕೊಂಡಳು.

“ಎಂಟ ಪಾಕೀಟು ಕೊಟ್ಟಿದ್ದೆ ನಾ. ಉಳದದ್ದು ಎಲ್ಲಿ ಸಿಕ್ತು?” ಎಂದು ಕೇಳಿದಳು. ಇನ್ನೂ ಒಂದು ಹುಲ್ಲುಕಡ್ಡಿ ಸಿಕ್ಕೀತೇ ಎಂದು ಹುಡುಕುತ್ತಿರುವುದು ಅವಳಿಗೇ ಗೊತ್ತಾಗಿ ನಾಚಿಕೆಯಾಯಿತು.

“ಚೀಟಿ ತೋರ್ಸಿದ್ರ ಔಷಧ ಅಂಗಡ್ಯಾಗ ಕೊಡತಾರಲ್ರಿ. ರಾಮದುರ್ಗದಾಗ ಸಂತಿ ಇದ್ದಾಗ ಅಲ್ಲಿ ತಗೊಂಡ್ವಿ, ಕಿತ್ತೂರಾಗ ಇದ್ದಾಗ ಅಲ್ಲಿ. ಸಾಕು ಮಾಡ್ರಿ ಅಂತ ಚೀಟಿಯಾಗ ಇರಲಿಲ್ಲ. ಮೊದಲ ಮೊದಲ ಕಾಲು ಹಗರಾದಂಗ ಆಗಿತ್ರಿ. ಬಾಯಾರ ಪುಡಿ ಚಲೋ ಹತ್ತೇತಿ ಅಂತ ಇವರೂ ಬಿಡಲಿಲ್ಲ.”

ಇಂದ್ರವ್ವ ಚೀಟಿಯನ್ನೂ ತಂದಿದ್ದಳು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಜೋಪಾನ ಮಾಡಿದ್ದಳು. ಬುಟ್ಟಿ ಸ್ವಲ್ಪವೂ ಮಾಸಿರಲಿಲ್ಲ. ಅದರ ಪಕ್ಕ ಶೀತಲಳ ಕೈಬರಹವಿತ್ತು. ವಾರಕ್ಕೆ ಒಂದು ಎಂದಿಲ್ಲ, ಎಂಟು ವಾರ ಎಂದೂ ಇಲ್ಲ. ಸಾಫ್ ಬರೆದು ಕೊಟ್ಟೇನಿ ಎಂದು ಅವಳು ಫೋನಿನಲ್ಲಿ ಹೇಳಿದ್ದು ಈ ಚೀಟಿಯ ಬಗ್ಗೆ.

“ಇಂದ್ರವ್ವಾರ” ಎಂದಳು ಶೀತಲ. ದನಿ ತೀರಾ ಸಣ್ಣದಾಗಿ ಬಂತು. “ನೀವು ಒಂದೂ ತಪ್ಪಿ ಕೊಟ್ಟಿಲ್ಲ. ನಾ ಹೇಳಿದಂಗ ಕೊಟ್ಟೀರಿ. ನಾನ ತಪ್ಪಿ ಹೇಳೇನಿ. ಬೆಳಗಾವಿಯವ್ರಿಗೆ ಸುಳ್ಳೂ ಹೇಳೇನಿ. ತಪ್ಪು ನಂದು.”

ಇಂದ್ರವ್ವ ಅಳುತ್ತಾಳೆ, ಬೈಯುತ್ತಾಳೆ ಎಂದು ಶೀತಲ ಕಾದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ನನ್ನ ಮುಂದ ಹೇಳಿ ಏನು ಮಾಡೂದೈತ್ರಿ” ಎಂದಳು ಇಂದ್ರವ್ವ. “ನಾ ತಪ್ಪಿಲ್ಲ ಅಂತ ನನಗ ಗೊತ್ತೈತಿ. ಭೀಮಶಿ ನನ್ನ ಕೈಲೆ ಒಂದು ಗುಳಿಗಿ ಮುಟ್ಟಗೊಡವಲ್ಲ. ನಾ ನೀರು ಕೊಟ್ರ ವಾಸನಿ ನೋಡಿ ಕೊಡತಾನ ಅಣ್ಣಗ. ಬೈದದ್ದು ನೀವು ಹತ್ತು ಮಂದಿ ಮುಂದ ಬೈದ್ರಿ. ಇದನ್ನೂ ಹತ್ತು ಮಂದಿ ಮುಂದ ಹೇಳ್ರಿ.”

ಸುರುಳಿಯನ್ನು ಮೇಜಿನ ಮೇಲೆಯೇ ಬಿಟ್ಟು, ಚೀಟಿಯನ್ನು ಮಾತ್ರ ಎತ್ತಿಕೊಂಡು ಹೊರಟುಹೋದಳು.

ಶೀತಲ ಅಂದೇ ಸಪ್ನಾಳಿಗೆ ಫೋನು ಮಾಡಿ ಫೈಲಿನಲ್ಲಿ ಬರೆದದ್ದನ್ನು ತಿದ್ದಿಸಿದಳು. ಸಪ್ನಾ “ಬರಕೋತೇನಕ್ಕಾ” ಎಂದಷ್ಟೇ ಹೇಳಿ ಇಟ್ಟಳು, ಭೀಮಶಿಗೆ ತಿಳಿಸುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಆಮೇಲೆ ಶೀತಲ ಪರಪ್ಪನನ್ನು ಕೂರಿಸಿಕೊಂಡು ಬುಟ್ಟಿ ಒತ್ತಿಸಿಕೊಂಡವರ ಹೆಸರನ್ನೆಲ್ಲ ತೆಗೆಸಿದಳು. ಎರಡು ದಿನ ಅವನು ಊರೂರಿಗೆ ಫೋನು ಹಚ್ಚಿದ. ತೊರಗಲ್ಲಿನ ಒಬ್ಬ ಬಳೆಗಾರತಿ ವಾರಕ್ಕೆ ಮೂರು ತಿನ್ನುತ್ತಿದ್ದಳು. ಅವಳನ್ನು ಕರೆಸಿ ರಕ್ತ ಪರೀಕ್ಷೆ ಮಾಡಿಸಿದರು, ಪುಣ್ಯಕ್ಕೆ ಕೆಟ್ಟಿರಲಿಲ್ಲ. ವಾರಕ್ಕೊಂದನ್ನೇ ತಿಂದವರೂ ವರ್ಷಗಟ್ಟಲೆ ತಿನ್ನುತ್ತಲೇ ಇದ್ದರು, ಎಂಟಕ್ಕೆ ನಿಲ್ಲಿಸಿದವರು ಬೆರಳೆಣಿಕೆಯಷ್ಟು.

“ಶಿಕ್ಕಾ ಏನು ಮಾಡೂದ್ರಿ?” ಎಂದು ಪರಪ್ಪ ಕೇಳಿದ.

“ಒಳಗಿಡ್ರಿ” ಎಂದಳು, ಅವನ ಮುಖ ನೋಡದೆ.

ಇಷ್ಟೆಲ್ಲ ಮಾಡಿದವಳು ಹತ್ತು ಮಂದಿಯ ಮುಂದೆ ಹೇಳುವ ಕೆಲಸವನ್ನು ಮಾತ್ರ ಮಾಡಲಿಲ್ಲ. ಯರಗಟ್ಟಿಯ ಸಂತೆ ಬಂತು. ದವಾಖಾನೆಯಿಂದ ಹಗ್ಗದ ಸಾಲಿಗೆ ನಾಲ್ಕು ಹೆಜ್ಜೆಯ ದಾರಿ. ಮುಂಜಾನೆಯಿಂದ ಸಂತೆಯ ಗದ್ದಲ ಕಿಟಕಿಯಿಂದ ಕೇಳುತ್ತಲೇ ಇತ್ತು. ಇನ್ನೊಬ್ಬ ಪೇಶಂಟ್, ಇನ್ನೊಬ್ಬ ಪೇಶಂಟ್ ಎನ್ನುತ್ತ ಅವಳು ಸಂಜೆ ಮಾಡಿಬಿಟ್ಟಳು. ಎದ್ದು ನೋಡಿದಾಗ ಹಗ್ಗದವರು ಗಂಟು ಕಟ್ಟಿಕೊಂಡು ಹೋಗಿದ್ದರು. ಅವಳ ಮೈಯೊಳಗೆ ಒಂದು ನಿರಾಳ ಸುಳಿದುಹೋಯಿತು. ಆ ನಿರಾಳಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಆ ವಾರವೆಲ್ಲ ಊಟ ರುಚಿಸಲಿಲ್ಲ. ಒಬ್ಬ ಹೆಂಗಸು ತನ್ನ ಗಂಡನಿಗೆ ನೀರು ಕೊಟ್ಟರೂ ವಾಸನೆ ನೋಡಿ ಕೊಡುತ್ತಾರೆ ಎಂಬ ಮಾತು, ತಾನು ನೀರು ಕುಡಿದಾಗಲೆಲ್ಲ ನೆನಪಾಗುತ್ತಿತ್ತು.

ಮುಂದಿನ ಸಂತೆಯ ದಿನ ಹತ್ತು ಗಂಟೆಗೇ ಕುರ್ಚಿಯಿಂದ ಎದ್ದಳು. ಬೆಂಚಿನ ಮೇಲಿದ್ದವರಿಗೆ “ಸ್ವಲ್ಪ ಕುಂಡರ್ರಿ, ಬಂದೆ” ಎಂದು ಹೇಳಿ, ಪಾಕೀಟಿನ ಸುರುಳಿಯನ್ನು ಕೈಚೀಲಕ್ಕೆ ಹಾಕಿಕೊಂಡು ನಡೆದೇ ಹೊರಟಳು. ಮೆಣಸಿನಕಾಯಿಯ ಸಾಲು, ಬೆಳ್ಳುಳ್ಳಿಯ ಸಾಲು ದಾಟುವಾಗ ಜನ ಬದಿಗೆ ಸರಿದು ನಮಸ್ಕಾರ ಮಾಡಿದರು. ಪ್ರತಿ ನಮಸ್ಕಾರಕ್ಕೂ ಅವಳ ತಲೆ ಇನ್ನಷ್ಟು ತಗ್ಗಿತು.

ಹಗ್ಗದ ಅಂಗಡಿ ಒಂದು ತಾಡಪಾಲಿನ ಕೆಳಗಿತ್ತು. ಭೀಮಶಿ ನಿಂತು ಗಿರಾಕಿಗಳಿಗೆ ಕಣ್ಣಿ ಎಳೆದು ತೋರಿಸುತ್ತಿದ್ದ. ಇಂದ್ರವ್ವ ಅಂಗಡಿಯ ಹೊರತುದಿಯಲ್ಲಿ ನೆಲದ ಮೇಲೆ ಕೂತು ಗೊಂಡೆ ಕಟ್ಟುತ್ತಿದ್ದಳು. ಒಳಗೆ ಗೋಣಿಚೀಲಕ್ಕೆ ಒರಗಿ ಲಗಮಪ್ಪ ಕೂತಿದ್ದ. ಆಸ್ಪತ್ರೆಯಿಂದ ಬಂದು ಹತ್ತು ದಿನವಾಗಿತ್ತಂತೆ, ಮನೆಯಲ್ಲಿ ಕೂರಲಾರೆ ಎಂದು ಹಟ ಹಿಡಿದು ಬಂದಿದ್ದ. ಕೈಕಾಲು ಕಡ್ಡಿಯಾಗಿದ್ದವು, ಕಣ್ಣು ಮಾತ್ರ ತಿಳಿಯಾಗಿದ್ದವು. ಭೀಮಶಿಯ ಅಂಗಿಯ ಕಿಸೆಯಲ್ಲಿ ಗುಳಿಗೆಯ ಹಾಳೆಗಳು ತುರುಕಿಕೊಂಡಿದ್ದವು.

“ಬರ್ರಿ ಬಾಯಾರ, ಬರ್ರಿ” ಎಂದು ಭೀಮಶಿ ಗಡಿಬಿಡಿಯಿಂದ ಒಂದು ಚೀಲ ಜಾಡಿಸಿ ಹಾಸಿದ. ಗಿರಾಕಿಗಳೂ ಅಕ್ಕಪಕ್ಕದ ಅಂಗಡಿಯವರೂ ತಿರುಗಿ ನೋಡಿದರು.

ಶೀತಲ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋಗಿದ್ದವು.

“ಭೀಮಶಿಯವರ, ನಿಮ್ಮ ಅಣ್ಣಗ ಹಿಂಗ ಆಗಿದ್ದು ನನ್ನಿಂದ. ಇಂದ್ರವ್ವಾರದು ಒಂದು ಎಳಿಯಷ್ಟೂ ತಪ್ಪಿಲ್ಲ. ನಾ ಹೆಂಗ ಹೇಳಿದ್ನೋ ಹಂಗ ಕೊಟ್ಟಾರ. ಅವತ್ತು ದವಾಖಾನ್ಯಾಗ ಅವ್ರಿಗೆ ಬೈದೆ, ಅದೂ ತಪ್ಪು. ದೊಡ್ಡಾಸ್ಪತ್ರಿಯವ್ರಿಗೆ ಅವರ ಮ್ಯಾಲ ಸುಳ್ಳ ಹೇಳಿದೆ.”

ಭೀಮಶಿ ನಕ್ಕ. ಕೆಟ್ಟ ನಗೆಯಲ್ಲ, ಗೌರವದ ನಗೆ.

“ನಿಮ್ಮದು ದೊಡ್ಡ ಮನಸು ಬಾಯಾರ. ವೈನಿ ನಿಮ್ಮ ಕಡೆ ಬಂದು ಅತ್ತಿರಬೇಕು, ಅದಕ್ಕ ನಿಮ್ಮ ಮ್ಯಾಲ ಹಾಕ್ಕೊಳ್ಳಾಕ ಹತ್ತೀರಿ. ನಾವು ಓದಿಲ್ಲದ ಮಂದಿ, ಹೇಳಿದ್ದು ತಿಳಿಯಂಗಿಲ್ಲ. ನೀವ್ಯಾಕ ತಪ್ಪು ಮಾಡ್ತೀರಿ?”

“ಇಂಥಾ ಡಾಕ್ಟರು ಎಲ್ಲಿ ಸಿಗತಾರ” ಎಂದ ಪಕ್ಕದ ಅಂಗಡಿಯವನು. ಯಾರೋ ಹೌದೌದು ಎಂದರು.

ಶೀತಲಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪು ಒಪ್ಪಿಕೊಳ್ಳಲು ಬಂದರೆ ಹೆಸರು ಇನ್ನೂ ಒಂದು ಗೇಣು ಬೆಳೆಯುತ್ತಿತ್ತು. ಈಗ ಸುಮ್ಮನೆ ಕೈಮುಗಿದು ಹೊರಟರೆ ಸಾಕು, ಹೇಳಿದ್ದೂ ಆಯಿತು, ಹೊಗಳಿಸಿಕೊಂಡದ್ದೂ ಆಯಿತು. ಆದರೆ ಇಂದ್ರವ್ವ ಗೊಂಡೆ ಕಟ್ಟುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು. ನೀನೂ ಇಷ್ಟೇ ಎನ್ನುವ ಹಾಗಿತ್ತು ಆ ನೋಟ.

“ಇಂದ್ರವ್ವಾರ, ಆ ಚೀಟಿ ಕೊಡ್ರಿ” ಎಂದಳು ಶೀತಲ.

ಇಂದ್ರವ್ವ ಸೊಂಟದ ಚೀಲದಿಂದ ಚೀಟಿ ತೆಗೆದುಕೊಟ್ಟಳು. ಶೀತಲ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದಳು. “ಇದು ನನ್ನ ಕೈಬರಹ. ‘ಸಂತಿ ದಿನ ಒಂದು ಪುಡಿ, ಹಾಲಾಗ.’ ಪುಡಿ ಬಗ್ಗೆ ಇಷ್ಟ ಬರದೇನಿ, ಇದಕ್ಕಿಂತ ಹೆಚ್ಚಿಗಿ ಒಂದಕ್ಷರ ಇಲ್ಲ. ಭೀಮಶಿಯವರ, ನೀವು ಯಾವ ಯಾವ ಸಂತಿ ಮಾಡ್ತೀರಿ, ಎಣಿಸ್ರಿ.”

ಭೀಮಶಿಗೆ ಏನೂ ತಿಳಿಯಲಿಲ್ಲ. ಆದರೂ ಬಾಯಾರು ಕೇಳಿದರೆಂದು ಕಿರುಬೆರಳು ಮಡಚಿದ. “ಯರಗಟ್ಟಿ ಒಂದ್ರಿ. ಸವದತ್ತಿ ಎರಡು. ರಾಮದುರ್ಗ ಮೂರು. ಬೈಲಹೊಂಗಲ…” ನಾಲ್ಕನೆಯ ಬೆರಳು ಅರ್ಧ ಮಡಚಿ ಅಲ್ಲಿಯೇ ನಿಂತಿತು. ಅವನು ತನ್ನ ಕೈಯನ್ನೇ ನೋಡಿಕೊಂಡ. ಚೀಟಿಯ ಮೇಲಿನ ಬುಟ್ಟಿಯನ್ನು ನೋಡಿದ. ಮತ್ತೆ ಕೈಯನ್ನು ನೋಡಿದ.

“ಕಿತ್ತೂರು” ಎಂದಳು ಇಂದ್ರವ್ವ ಕೂತಲ್ಲಿಂದಲೇ. “ಐದು.”

ಶೀತಲ ಕೈಚೀಲದಿಂದ ಸುರುಳಿ ತೆಗೆದು ಹಗ್ಗದ ರಾಶಿಯ ಮೇಲೆ ಇಟ್ಟಳು. ಈ ಸಲ ಅವಳನ್ನು ಹೊಗಳಲು ಯಾರೂ ಬಾಯಿ ತೆರೆಯಲಿಲ್ಲ. ಪಕ್ಕದ ಅಂಗಡಿಯವನು, ಅವನೂ ಸಂತೆಯವನೇ, ಅವಳ ಮುಖದಿಂದ ಕಣ್ಣು ಬೇರೆ ಕಡೆ ತಿರುಗಿಸಿದ. ಹನ್ನೊಂದು ವರ್ಷದಲ್ಲಿ ಈ ಊರಿನಲ್ಲಿ ಯಾರೂ ಅವಳಿಂದ ಹಾಗೆ ಕಣ್ಣು ತಿರುಗಿಸಿರಲಿಲ್ಲ. ಅದು ಅವಳಿಗೆ ಚುಚ್ಚಿತು. ಚುಚ್ಚಬೇಕಾದದ್ದೇ ಎಂದು ನಿಂತೇ ಇದ್ದಳು.

“ನಂದೂ ಒಂದಿಷ್ಟು ತಪ್ಪೈತಿ” ಎಂದು ಗೋಣಿಚೀಲದ ಕಡೆಯಿಂದ ಲಗಮಪ್ಪನ ಸಣ್ಣ ದನಿ ಬಂತು. “ಪುಡಿ ಸಿಹಿ ಇತ್ತು. ಸಂತಿ ಮುಗಿಯೂದಕ್ಕ ಕಾಯ್ತಿದ್ದೆ.”

ಭೀಮಶಿ ಅಂಗಿಯ ಕಿಸೆಗೆ ಕೈ ಹಾಕಿದ. ಗುಳಿಗೆಯ ಹಾಳೆಗಳನ್ನೆಲ್ಲ ಒಟ್ಟಿಗೆ ತೆಗೆದು, ಬಗ್ಗಿ, ಇಂದ್ರವ್ವನ ಮುಂದೆ ಇಟ್ಟ. “ವೈನಿ” ಎಂದ. ಇಂದ್ರವ್ವ ಅವನ್ನು ತಕ್ಷಣ ಮುಟ್ಟಲಿಲ್ಲ. ಕಟ್ಟುತ್ತಿದ್ದ ಗೊಂಡೆಯ ಗಂಟನ್ನು ಪೂರ್ತಿ ಬಿಗಿದು, ದಾರ ಕಡಿದು, ಆಮೇಲೆ ಎತ್ತಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ಅವುಗಳಲ್ಲಿ ಒಂದನ್ನು ಬೇರೆ ಮಾಡಿ ಶೀತಲಳ ಕಡೆ ಚಾಚಿದಳು.

“ಇದು ಯಾವಾಗ ಕೊಡೂದು ಹೇಳ್ರಿ ಬಾಯಾರ. ಎಲ್ಲಾರೂ ಕೇಳ್ಲಿ.”

ಶೀತಲ ಹಾಳೆ ತಿರುಗಿಸಿ ನೋಡಿದಳು. “ಮುಂಜಾನೆ ಒಂದು…” ಎಂದು ಶುರು ಮಾಡಿದವಳು ನಿಂತಳು. ಹಾಸಿದ ಚೀಲದ ಮೇಲೆ, ಪುಂಡಿ ನಾರಿನ ಧೂಳಿನಲ್ಲಿ, ಇಂದ್ರವ್ವನ ಎದುರಿಗೆ ಕೂತಳು.

“ನಿಮಗ ಮುಂಜಾನಿ ಅಂದ್ರ ಎಷ್ಟೊತ್ತಿಗ್ರಿ?”

“ಸಂತಿ ಇದ್ದ ದಿನ ನಾಕಕ್ಕ ಏಳತೇವ್ರಿ” ಎಂದಳು ಇಂದ್ರವ್ವ. “ಇಲ್ಲದ ದಿನ ಆರಕ್ಕ. ಸಂತಿ ದಿನ ರೊಟ್ಟಿ ತಿನ್ನೂದು ಗಾಡಿ ಇಳಿದ ಮ್ಯಾಲ.”

ಇಷ್ಟು ಕೇಳಲು ತನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ ಎಂಬುದು ಶೀತಲಳಿಗೆ ಆಗ ಹೊಳೆಯಿತು. ಅವಳ ಮುಖ ಮತ್ತೆ ಬಿಸಿಯಾಯಿತು. ತಲೆ ಎತ್ತದೆ, ಮುಂದಿನ ಪ್ರಶ್ನೆ ಕೇಳಿದಳು.